ಬಲೆಗೆ ಬಿದ್ದ ಅಪರಿಚಿತ ಮೀನು: ಗುರುತು ಹಿಡಿಯುವುದು ಹೇಗೆ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಕಡೆ ಏಡಿ, ಲಾಬ್‌ಸ್ಟರ್ ಹಿಡಿಯಲು ಕಡಲ ತಳಕ್ಕೆ ಬೋನು ಇಳಿಸುತ್ತಾರೆ. ಬೇಸಿಗೆಯ ಕೊನೆಯಲ್ಲಿ ಬೋನು ಎತ್ತಿದಾಗ ಒಮ್ಮೊಮ್ಮೆ ಬೇರೆಯೇ ಒಂದು ಮೀನು ಸಿಗುತ್ತದೆ. ಬೂದು ಬಣ್ಣ, ಚಪ್ಪಟೆ ಮೈ, ಪುಟ್ಟ ಬಾಯಿ, ಗಟ್ಟಿ ಹಲ್ಲು. ಇದು ಗ್ರೇ ಟ್ರಿಗರ್ ಫಿಶ್. ವಿಜ್ಞಾನದ ಹೆಸರು ಬಲಿಸ್ಟಿಸ್ ಕ್ಯಾಪ್ರಿಸ್ಕಸ್. ಮೆಡಿಟರೇನಿಯನ್, ಪಶ್ಚಿಮ ಆಫ್ರಿಕಾ, ಅತ್ತ ಅಮೆರಿಕದ ಪೂರ್ವ ಕರಾವಳಿಯ ಬೆಚ್ಚನೆ ನೀರು ಇದರ ಮನೆ.

ಮಲ್ಪೆ ದಕ್ಕೆಯಲ್ಲಿ ಕೆಲಸ ಮಾಡಿದವರು ಇದನ್ನು ನೋಡಿದರೆ 'ಇದು ನಮ್ಮ ಕಾರ್ಗಿಲ್ ಮೀನಿನ ನೆಂಟ ಅಲ್ವಾ?' ಎಂದು ಕೇಳಿಯಾರು. ಕೇಳಿದ್ದು ಸರಿಯೇ. ನಮ್ಮ ಕರಾವಳಿಯಲ್ಲಿ ರಾಶಿ ರಾಶಿ ಬಂದು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಕೆಂಪು ಹಲ್ಲಿನ ಟ್ರಿಗರ್ ಫಿಶ್ ಇದೇ ಕುಟುಂಬದ್ದು. ಇಂಥ ಮೀನು ಕೈಗೆ ಸಿಕ್ಕರೆ ಏನು ಮಾಡಬೇಕು? ಮೊದಲ ಉತ್ತರ ಸುಲಭ: ಬಾಣಲೆಗೆ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಫೋಟೊ

ಸತ್ತ ಮೇಲೆ ಮೀನಿನ ಬಣ್ಣ ಬೇಗ ಮಾಸುತ್ತದೆ. ಹಾಗಾಗಿ ಹಿಡಿದ ಕೂಡಲೇ ಫೋಟೊ ತೆಗೆಯಿರಿ. ಮೀನಿನ ತಲೆ ಎಡಕ್ಕೆ ಬರುವಂತೆ ಮಲಗಿಸಿ, ರೆಕ್ಕೆಗಳನ್ನು ಬಿಡಿಸಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಅಳತೆಪಟ್ಟಿ ಇಲ್ಲದಿದ್ದರೆ ನಾಣ್ಯವೂ ಆದೀತು. ಪೂರ್ತಿ ಮೈಯ ಒಂದು ಚಿತ್ರದ ಜೊತೆಗೆ ಬಾಯಿ, ಕಿವಿರಿನ ಸೀಳು, ಹೊಟ್ಟೆಯ ಕೆಳಭಾಗ, ಬೆನ್ನಿನ ಮುಳ್ಳು, ಇವುಗಳ ಹತ್ತಿರದ ಚಿತ್ರಗಳೂ ಬೇಕು. ಮೀನನ್ನು ಎದೆಗೆ ಹಿಡಿದು ನಗುವ ಸೆಲ್ಫಿ ನೆನಪಿಗೆ ಚೆಂದ. ಗುರುತು ಹಿಡಿಯಲು ಮಾತ್ರ ಬಹುತೇಕ ಸಲ ಉಪಯೋಗಕ್ಕೆ ಬರುವುದಿಲ್ಲ, ಬೆರಳುಗಳೇ ಅರ್ಧ ಮೀನು ಮುಚ್ಚಿರುತ್ತವೆ.

ಒಂದು ಎಚ್ಚರಿಕೆ. ಟ್ರಿಗರ್ ಫಿಶ್ ಕಪ್ಪೆಚಿಪ್ಪು, ಏಡಿಗಳನ್ನು ಒಡೆದು ತಿನ್ನುವ ಮೀನು. ಜೀವಂತ ಇದ್ದರೆ ಬೆರಳನ್ನು ಬಾಯಿಯ ಹತ್ತಿರ ಒಯ್ಯಬೇಡಿ.

ಬಣ್ಣ ಕೊನೆಗೆ, ಮುಳ್ಳು ಮೊದಲು

ಹೆಚ್ಚಿನವರು ಬಣ್ಣ ನೋಡಿ ಹೆಸರು ಹುಡುಕುತ್ತಾರೆ. ಮೊಬೈಲ್ ಆ್ಯಪ್ ಕೂಡ ಬಣ್ಣ, ಆಕಾರ ನೋಡಿಯೇ ಊಹಿಸುತ್ತದೆ. ಆದರೆ ವಯಸ್ಸು, ಭಯ, ಸಾವು ಎಲ್ಲವೂ ಬಣ್ಣ ಬದಲಿಸುತ್ತವೆ. ಬದಲಾಗದ ಭಾಗಗಳನ್ನು ಹಿಡಿದು ಹೊರಡುವುದು ಒಳ್ಳೆಯದು.

ಬೆನ್ನಿನ ಮೊದಲ ರೆಕ್ಕೆಯಿಂದ ಶುರು ಮಾಡಿ. ಇಲ್ಲಿ ಮೂರು ಮುಳ್ಳುಗಳಿವೆಯೇ? ಮೊದಲನೆಯದು ದಪ್ಪ, ಎತ್ತರ. ಅದು ನೆಟ್ಟಗೆ ನಿಂತಿರುವಾಗ ಮೆಲ್ಲಗೆ ಹಿಂದಕ್ಕೆ ಒತ್ತಿ. ಬಗ್ಗುವುದಿಲ್ಲ. ಈಗ ಅದರ ಹಿಂದಿನ ಚಿಕ್ಕ ಮುಳ್ಳನ್ನು ಒತ್ತಿ. ಬೀಗ ಬಿಟ್ಟು ದೊಡ್ಡ ಮುಳ್ಳು ಮಲಗುತ್ತದೆ. ಹೆಸರಿನಲ್ಲಿರುವ ಟ್ರಿಗರ್ ಇದೇ. ಮೀನು ಬಂಡೆಯ ಸಂದಿಗೆ ನುಗ್ಗಿ ಈ ಮುಳ್ಳನ್ನು ಎತ್ತಿ ನಿಲ್ಲಿಸಿಬಿಟ್ಟರೆ ಯಾರೂ ಎಳೆದು ತೆಗೆಯಲಾಗದು. ನನ್ನ ಪ್ರಕಾರ ಮೀನು ಗುರುತಿಸುವ ಕೆಲಸದಲ್ಲಿ ಇಷ್ಟು ಖುಷಿ ಕೊಡುವ ಪರೀಕ್ಷೆ ಇನ್ನೊಂದಿಲ್ಲ.

ನಂತರ ಹೊಟ್ಟೆ ನೋಡಿ. ಸಾಮಾನ್ಯ ಮೀನುಗಳಿಗೆ ಕೆಳಗೆ ಜೋಡಿ ರೆಕ್ಕೆ ಇರುತ್ತದೆ. ಇದಕ್ಕೆ ಆ ಜಾಗದಲ್ಲಿ ಒಂದು ಒರಟು ಗಂಟು ಅಷ್ಟೇ. ಕಿವಿರಿನ ಮುಚ್ಚಳ ಅಗಲವಾಗಿ ತೆರೆಯುವುದಿಲ್ಲ, ಎದೆಯ ರೆಕ್ಕೆಯ ಬುಡದ ಹತ್ತಿರ ಚಿಕ್ಕ ಸೀಳು ಮಾತ್ರ ಕಾಣುತ್ತದೆ. ಮೈ ಸವರಿದರೆ ಒಣಗಿದ ತೊಗಲಿನಂತೆ ಗಟ್ಟಿ. ಸೀಳಿನ ಹಿಂದೆ ಕೆಲವು ಹುರುಪೆಗಳು ಉಳಿದವುಗಳಿಗಿಂತ ದೊಡ್ಡದಾಗಿ, ಎಲುಬಿನ ತಟ್ಟೆಗಳಾಗಿ ಕಾಣುತ್ತವೆ. ತಾಳ್ಮೆ ಇದ್ದರೆ ಬೆನ್ನಿನ ಎರಡನೇ ರೆಕ್ಕೆಯ ಕಡ್ಡಿಗಳನ್ನು ಎಣಿಸಿ: ಗ್ರೇ ಟ್ರಿಗರ್‌ಗೆ 26ರಿಂದ 29. ಗುದದ ರೆಕ್ಕೆಯಲ್ಲಿ 23ರಿಂದ 26.

ಇದೇ ಇರಬಹುದೇ, ಬೇರೆಯೇ?

ಒಂದು ಹೆಸರು ಹೊಳೆದ ತಕ್ಷಣ ನಿಲ್ಲಬೇಡಿ. ಅದನ್ನೇ ಹೋಲುವ ಇನ್ನೆರಡು ಹೆಸರು ಹುಡುಕಿ, ಅವು ಯಾಕೆ ಅಲ್ಲ ಎಂದು ಬರೆದಿಡಿ. ಫೈಲ್ ಫಿಶ್‌ನ ಬೆನ್ನಿನಲ್ಲಿ ಎದ್ದು ಕಾಣುವುದು ಒಂದೇ ಮುಳ್ಳು. ಬ್ಲ್ಯಾಕ್ ಬ್ರೀಮ್ ಅದೇ ಡಾರ್ಸೆಟ್‌ನಲ್ಲಿ ಮಾಮೂಲಿ, ಆದರೆ ಅದಕ್ಕೆ ಹೊಟ್ಟೆಯ ಜೋಡಿ ರೆಕ್ಕೆಯೂ ಇದೆ, ಕಿವಿರಿನ ಅಗಲ ಮುಚ್ಚಳವೂ ಇದೆ. ನಮ್ಮ ಕಾರ್ಗಿಲ್ ಮೀನಿನ ಮೈ ಕಡು ನೀಲಿ, ಹಲ್ಲು ಕೆಂಪು, ಬಾಲದ ಎರಡು ತುದಿಗಳು ಉದ್ದ.

ಈಗ ಬಾಣಲೆಯ ವಿಷಯ. ಟ್ರಿಗರ್ ಫಿಶ್‌ನ ದೂರದ ಬಂಧು ಪಫರ್ ಫಿಶ್, ಅಂದರೆ ಉಬ್ಬುವ ಮೀನು. ಅದೂ ಬೆಚ್ಚನೆ ನೀರಿನದೇ. ಅದರ ಹಲವು ಜಾತಿಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಸೂಯೆಜ್ ಕಾಲುವೆಯ ಮೂಲಕ ಕೆಂಪು ಸಮುದ್ರದಿಂದ ಬಂದ ಒಂದು ಪಫರ್ 2003ರಲ್ಲಿ ಟರ್ಕಿಯ ಗೊಕೋವಾ ಕೊಲ್ಲಿಯಲ್ಲಿ ಮೊದಲು ಸಿಕ್ಕಿತು. ಆಮೇಲೆ ಪೂರ್ವ ಮೆಡಿಟರೇನಿಯನ್ ತುಂಬ ಹರಡಿತು. ಪರಿಚಯವಿಲ್ಲದೆ ತಿಂದವರು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಬಾಯಿ ತೆರೆದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಟ್ರಿಗರ್‌ಗೆ ಬಿಡಿ ಬಿಡಿ ಹಲ್ಲುಗಳು. ಪಫರ್‌ಗೆ ಹಲ್ಲುಗಳು ಕೂಡಿಕೊಂಡು ಮೇಲೆ ಎರಡು, ಕೆಳಗೆ ಎರಡು ಫಲಕಗಳ ಕೊಕ್ಕು. ಇಷ್ಟು ತಿಳಿದ ಮೇಲೂ ಅನುಮಾನ ಇದ್ದರೆ ತಿನ್ನಬೇಡಿ, ಬೆಕ್ಕಿಗೂ ಹಾಕಬೇಡಿ.

ಇಲ್ಲಿಗೆ ಹೇಗೆ ಬಂತು?

'ಹವಾಮಾನ ಬದಲಾವಣೆ' ಎಂದು ಒಂದೇ ಮಾತಿನಲ್ಲಿ ಮುಗಿಸುವ ಆಸೆ ಎಲ್ಲರಿಗೂ. 2023ರ ಜೂನ್‌ನಲ್ಲಿ ಬ್ರಿಟನ್, ಐರ್ಲೆಂಡ್ ಸುತ್ತಲಿನ ಕಡಲು ಅಸಾಧಾರಣವಾಗಿ ಬಿಸಿಯಾಗಿತ್ತು ನಿಜ. ಆದರೆ ಗ್ರೇ ಟ್ರಿಗರ್ ಫಿಶ್ ಬ್ರಿಟನ್ನಿನಲ್ಲಿ ಸಿಕ್ಕ ದಾಖಲೆ 19ನೇ ಶತಮಾನದಿಂದಲೂ ಇದೆ. ಮರಿಗಳು ತೇಲುವ ಕಡಲಪಾಚಿಯ ಜೊತೆ ಪ್ರವಾಹದಲ್ಲಿ ಬಹಳ ದೂರ ಸಾಗುತ್ತವೆ. ನೀರು ತಣ್ಣಗಾದಾಗ ಮಂಕಾಗಿ, ಚಳಿಗಾಲದಲ್ಲಿ ಸತ್ತು ಕಾರ್ನ್‌ವಾಲ್, ವೇಲ್ಸ್ ದಡಕ್ಕೆ ಬಂದು ಬೀಳುವುದೂ ಉಂಟು. ಅಂಥ ಒಂದು ಮೀನು ಅತಿಥಿಯೋ ಒಕ್ಕಲೋ ಎಂದು ಅದೊಂದರಿಂದ ಹೇಳಲಾಗದು. ವರ್ಷ ವರ್ಷದ ದಾಖಲೆ ಬೇಕು. ಸಿಹಿನೀರಿನಲ್ಲಿ ವಿಚಿತ್ರ ಮೀನು ಸಿಕ್ಕರೆ ಮೊದಲ ಅನುಮಾನ ಅಕ್ವೇರಿಯಂ ಮೇಲೆ ಇರಲಿ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಎಂಬ ಮೀನು ಸಿಕ್ಕಿತ್ತು. ಅದು ಈಜಿಕೊಂಡು ಬಂದಿರಲು ಸಾಧ್ಯವೇ ಇಲ್ಲ.

ಯಾರಿಗೆ, ಏನು ಕೊಡಬೇಕು

ಮೀನು ಜೀವಂತ ಇದ್ದು, ಅಲ್ಲಿನ ನಿಯಮ ಬಿಡಿ ಎನ್ನುವುದಾದರೆ ಚಿತ್ರ ತೆಗೆದು ಬಿಟ್ಟುಬಿಡಿ. ಸತ್ತಿದ್ದರೆ ಹೊಟ್ಟೆ ಸೀಳಬೇಡಿ. ತಿಂದ ಆಹಾರ, ಕಿವಿಯೊಳಗಿನ ಪುಟ್ಟ ಸುಣ್ಣದ ಕಲ್ಲು ಎಲ್ಲವೂ ಸಂಶೋಧಕರಿಗೆ ಬೇಕು. ಇಡೀ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಒಳಗೊಂದು ಚೀಟಿ: ದಿನಾಂಕ, ಜಾಗ, ಆಳ, ಬಲೆಯೋ ಗಾಳವೋ ಬೋನೋ, ಹಿಡಿದವರ ಹೆಸರು. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಒದ್ದೆಗೆ ಹರಡುತ್ತದೆ. ಡಿಎನ್ಎ ಪರೀಕ್ಷೆಗೆ ರೆಕ್ಕೆಯ ಚಿಕ್ಕ ತುಂಡನ್ನು ಶುದ್ಧ ಆಲ್ಕೊಹಾಲಿನಲ್ಲಿ ಇಡಬಹುದು. ಫಾರ್ಮಲಿನ್ ಬೇಡ, ಅದು ಡಿಎನ್ಎಯನ್ನು ಕೆಡಿಸುತ್ತದೆ.

ಬ್ರಿಟನ್ನಿನಲ್ಲಿರುವವರು ಊರಿನ ವೈಲ್ಡ್‌ಲೈಫ್ ಟ್ರಸ್ಟ್‌ಗೋ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೋ ಬರೆಯಬಹುದು. ನಮ್ಮ ಕರಾವಳಿಯವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅದೇ ಊರಲ್ಲಿದೆ. ಪತ್ರದಲ್ಲಿ ನೀವು ಊಹಿಸಿದ ಹೆಸರನ್ನು ಕೊನೆಯಲ್ಲಿ ಬರೆಯಿರಿ. ಮೊದಲು ಕಂಡದ್ದನ್ನು ಬರೆದರೆ, ಓದುವವರು ತಮ್ಮ ಕಣ್ಣಿನಿಂದ ನೋಡುತ್ತಾರೆ.