ಹರಿಕೇನ್‌ಗೆ ಮುನ್ನ: ಮನೆಯವರ ಪಾಲು, ಸರ್ಕಾರದ ಪಾಲು

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಸುತ್ತಮುತ್ತ ಹೊಸದಾಗಿ ಸಂಸಾರ ಹೂಡುವ ನಮ್ಮ ಕನ್ನಡದ ಮಕ್ಕಳಿಗೆ ನಾನು ಮೊದಲು ಹೇಳುವುದು ನೆರೆ ವಿಮೆಯ ವಿಷಯವನ್ನೇ. ಮನೆಯ ಸಾಮಾನ್ಯ ವಿಮೆಯು ನೆರೆಯಿಂದಾದ ನಷ್ಟವನ್ನು ಕಟ್ಟಿಕೊಡುವುದಿಲ್ಲ. ಕೇಂದ್ರ ಸರ್ಕಾರದ ನೆರೆ ವಿಮೆಯಾದರೋ ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಳೆಯದೆ ಜಾರಿಗೆ ಬರುವುದಿಲ್ಲ. ಆದ್ದರಿಂದ ಜೂನ್ 1ರಿಂದ ನವೆಂಬರ್ 30ರವರೆಗಿನ ಹರಿಕೇನ್ (ಚಂಡಮಾರುತ) ಕಾಲ ಶುರುವಾಗುವ ಮೊದಲೇ, ಏಪ್ರಿಲ್‌ನಲ್ಲೇ, ಈ ಕೆಲಸ ಮುಗಿದಿರಬೇಕು.

ಕುಡಿಯುವ ನೀರನ್ನು ತಲೆಗೆ ದಿನಕ್ಕೆ ಒಂದು ಗ್ಯಾಲನ್ನಿನ (ಸುಮಾರು 3.8 ಲೀಟರ್) ಲೆಕ್ಕದಲ್ಲಿ ಹಿಡಿದಿಡಿ. ಮೂರು ದಿನಕ್ಕೆ ಸಾಕೆನ್ನುವವರಿದ್ದಾರೆ. 2024ರ ಜುಲೈನಲ್ಲಿ ಬೆರಿಲ್ ಹರಿಕೇನ್ ಬಂದಾಗ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಗಿ, ಹಲವರು ಒಂದು ವಾರಕ್ಕೂ ಹೆಚ್ಚು ಕಾಲ ಸೆಕೆಯಲ್ಲಿ ಬೆಂದದ್ದನ್ನು ಕಂಡ ನಾನು ಒಂದು ವಾರಕ್ಕೆ ಇಡಿ ಎನ್ನುತ್ತೇನೆ. ಒಲೆ ಕರೆಂಟಿನದಾಗಿದ್ದರೆ ಡಬ್ಬಿ ತುಂಬ ಅಕ್ಕಿಬೇಳೆ ಇದ್ದೂ ಹೊಟ್ಟೆಗಿರುವುದಿಲ್ಲ. ಪೇಪರ್ ಅವಲಕ್ಕಿಗೆ ಚಟ್ನಿಪುಡಿ, ಉಪ್ಪಿನಕಾಯಿಯ ರಸ, ಒಂದೆರಡು ಚಮಚ ಹಸಿ ಎಣ್ಣೆ ಹಾಕಿ ಕೈಯಲ್ಲಿ ಚೆನ್ನಾಗಿ ಕಲಸಿ ಹತ್ತು ನಿಮಿಷ ಬಿಟ್ಟರೆ ಬೆಂಕಿಯೂ ಬೇಡ, ನೀರೂ ಬೇಡ. ಫ್ರೀಝರಿನ ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿಗಳನ್ನು ಮುಂಚೆಯೇ ಗಟ್ಟಿಮಾಡಿಟ್ಟುಕೊಳ್ಳಿ. ಕರೆಂಟು ಹೋದಾಗ ತಂಪೂ ಉಳಿಯುತ್ತದೆ, ಕರಗಿದರೆ ಕುಡಿಯುವುದಕ್ಕೂ ಆಗುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮ ಜೊತೆಯಲ್ಲಿದ್ದರೆ ಅವರ ಔಷಧಿ, ಚೀಟಿ, ಪಾಸ್‌ಪೋರ್ಟು ಒಂದೇ ಚೀಲದಲ್ಲಿರಲಿ. ಜನರೇಟರನ್ನು, ಬಾಗಿಲು ತೆರೆದಿದೆಯೆಂದು ಗ್ಯಾರೇಜಿನಲ್ಲಿ ಎಂದಿಗೂ ಹಚ್ಚಬೇಡಿ. ಅದು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿರಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇಷ್ಟು ಮನೆಯವರ ಪಾಲು. ಆದರೆ ಪ್ರತಿಯೊಬ್ಬರೂ ತಂತಮ್ಮ ಮನೆ ನೋಡಿಕೊಂಡರೆ ಸಾಕು ಎಂಬ ಮಾತನ್ನು ನಾನು ಒಪ್ಪಲಾರೆ. 2005ರಲ್ಲಿ ಕತ್ರಿನಾ ಹರಿಕೇನ್ ಬಂದಾಗ ನ್ಯೂ ಆರ್ಲಿಯನ್ಸಿನ ಸುಮಾರು ಶೇ. 80 ಭಾಗ ಮುಳುಗಿದ್ದು ಒಡ್ಡುಗಳು ಒಡೆದುದರಿಂದ. ಕಾರಿಲ್ಲದ ಬಡವರು ಊರು ಬಿಡಲಾಗದೆ ಸಿಕ್ಕಿಕೊಂಡದ್ದು ಅವರ ಉದಾಸೀನದಿಂದಲ್ಲ. 2017ರ ಹಾರ್ವೆ ಹರಿಕೇನಿನಲ್ಲಿ ನಮ್ಮ ಹ್ಯೂಸ್ಟನ್ನಿನ ಪಶ್ಚಿಮಕ್ಕೆ ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳ ಹಿಂದೆ ಮನೆ ಕೊಂಡಿದ್ದ ಅನೇಕರಿಗೆ, ಜಲಾಶಯ ತುಂಬಿದರೆ ನೀರು ನಿಲ್ಲುವ ನೆಲದಲ್ಲೇ ತಾವಿದ್ದೇವೆಂಬುದು ಅಂಗಳಕ್ಕೆ ನೀರು ಬಂದ ಮೇಲೆಯೇ ತಿಳಿಯಿತು. ಒಡ್ಡು ಕಟ್ಟುವುದು, ಚರಂಡಿ ಅಗಲಿಸುವುದು, ಅಂಥ ನೆಲದಲ್ಲಿ ಬಡಾವಣೆಗೆ ಅನುಮತಿ ಕೊಡದಿರುವುದು ಯಾವ ಗೃಹಸ್ಥನ ಕೈಯಲ್ಲೂ ಇಲ್ಲ. ಅದನ್ನು ಕೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಕೌಂಟಿಯವರು (ನಮ್ಮಲ್ಲಿನ ಜಿಲ್ಲಾಡಳಿತದಂತೆ) ನೆರೆ ಯೋಜನೆಗಳ ಬಗ್ಗೆ ಸಭೆ ಕರೆದಾಗ ನಮ್ಮವರ ಮುಖಗಳು ಅಲ್ಲಿ ಕಾಣುವುದೇ ಅಪರೂಪ, ಇದು ನನಗೆ ನಿಜವಾಗಿ ನೋವು ತರುತ್ತದೆ. ಮನೆ ಕೊಳ್ಳುವಾಗ ಅಡುಗೆಮನೆಯ ಕಲ್ಲನ್ನು ಅಷ್ಟು ಹೊತ್ತು ಪರೀಕ್ಷಿಸುವವರು ನೆರೆ ನಕ್ಷೆಯನ್ನೂ ಒಮ್ಮೆ ತೆರೆದು ನೋಡಬೇಕು.

ನಿಮ್ಮ ವಲಯಕ್ಕೆ ಸ್ಥಳಾಂತರದ ಆದೇಶ ಬಂದರೆ ವಾದ ಮಾಡದೆ ಹೊರಡಿ. ನೀವು ಉಳಿದರೆ ನಿಮ್ಮನ್ನು ಕರೆತರಲು ಬರುವ ದೋಣಿ, ಹೊರಡಲು ಶಕ್ತಿಯೇ ಇಲ್ಲದ ಇನ್ನೊಬ್ಬರಿಗೆ ತಪ್ಪುತ್ತದೆ. ನೆರೆಮನೆಯಲ್ಲಿ ಕಾರಿಲ್ಲದ ವೃದ್ಧರಿದ್ದರೆ ಟೆಕ್ಸಾಸ್‌ನಲ್ಲಿ ಸಹಾಯವಾಣಿ 211ಕ್ಕೆ ಕರೆ ಮಾಡಿ ಅವರ ಹೆಸರು ನೋಂದಾಯಿಸಲು ನೆರವಾಗಿ. ನೋಂದಣಿಯಾದ ಮಾತ್ರಕ್ಕೆ ಸಹಾಯ ಖಚಿತವಲ್ಲವಾದ್ದರಿಂದ, ಅವರನ್ನು ಯಾರ ಕಾರಿನಲ್ಲಿ ಕೂರಿಸಿಕೊಳ್ಳುವುದೆಂಬುದನ್ನೂ ಈಗಲೇ ಮಾತಾಡಿಕೊಂಡಿರಿ.