ಹಗಲಲ್ಲೇ ಕರು ಹಾಕಲು ಸಂಜೆ ಮೇವು

ಕೆಲಸಕ್ಕೂ ಹೋಗುತ್ತಾ ನಾಲ್ಕೈದು ಹಸು ಸಾಕುವವರು ಗಮನಿಸಿ: ತುಂಬು ಗಬ್ಬದ ಹಸುವಿಗೆ ದಿನದ ಮುಖ್ಯ ಮೇವನ್ನು ಬೆಳಿಗ್ಗೆ ಬದಲು ಕತ್ತಲಾಗುವ ಹೊತ್ತಿಗೆ ಹಾಕಿ. ಹೆಚ್ಚಿನವು ಹಗಲಲ್ಲೇ ಕರು ಹಾಕುತ್ತವೆ. ಕೆನಡಾದ ಮ್ಯಾನಿಟೋಬಾದಲ್ಲಿ ಕೊನೆಫಾಲ್ ಎಂಬ ರೈತರು 1970ರ ದಶಕದಲ್ಲಿ ಕಂಡುಕೊಂಡ ಕ್ರಮ ಇದು. ರಾತ್ರಿಯೆಲ್ಲಾ ಹೊಟ್ಟೆ ತುಂಬಿ ಮೆಲುಕು ಜೋರಾಗಿ ನಡೆಯುತ್ತದೆ. ಕರು ಹಾಕುವ ಮುಂಚೆ ಹೊಟ್ಟೆಯ ಈ ಚಲನೆ ಇಳಿಯುತ್ತದೆ, ಹಾಗೆ ಇಳಿಯುವ ಹೊತ್ತು ಹಗಲಿಗೆ ಬೀಳುವುದೇ ಇದಕ್ಕೆ ಕಾರಣ ಇರಬಹುದು. ದಿನ ತುಂಬುವುದಕ್ಕೆ ಒಂದು ತಿಂಗಳು ಇರುವಾಗಲೇ ಶುರು ಮಾಡಿ, ಹೊತ್ತು ತಪ್ಪಿಸಬೇಡಿ. ಬೆಳಿಗ್ಗೆ ಗೋದಲಿಯಲ್ಲಿ ಉಳಿದ ರಾಗಿ ಹುಲ್ಲನ್ನು ಗುಡಿಸಿ ತೆಗೆಯಿರಿ. ಮೇವನ್ನು ಕಡಿಮೆ ಮಾಡಬೇಡಿ, ಹೊತ್ತು ಮಾತ್ರ ಬದಲಿಸಿ. ನೀರು ಸದಾ ಇರಲಿ. ದಿನವಿಡೀ ಹಸಿರು ಮೇಯುವ ಹಸುವಿಗೆ ಇದು ಅಷ್ಟಾಗಿ ನಡೆಯುವುದಿಲ್ಲ. ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಈ ಕ್ರಮವನ್ನು ಸುಮ್ನೆ ಬಿಟ್ಟುಬಿಡಿ, ಉಲ್ಟಾ ತೊಂದರೆಯೇ ಜಾಸ್ತಿ. ಹೀಗೆ ಮಾಡಿದರೂ ಒಂದೆರಡು ಹಸು ರಾತ್ರಿ ಕರು ಹಾಕಿಯೇ ಹಾಕುತ್ತವೆ. ಬಾಲದ ಬುಡದ ಎರಡೂ ಪಕ್ಕ ಸಡಿಲವಾಗಿ ಕುಳಿ ಬಿದ್ದು, ಕೆಚ್ಚಲು ಬಿಗಿದಿದ್ದರೆ ಆ ರಾತ್ರಿ ಒಮ್ಮೆ ಎದ್ದು ಟಾರ್ಚ್ ಹಿಡಿದು ನೋಡಿ ಬನ್ನಿ.