ಎಷ್ಟನೆಯದು ಎಂದು ಕೇಳಿದರೆ ಸರಿ ಲೆಕ್ಕ ಹೇಳಿ

ಗರ್ಭಿಣಿಯರ ಓಪಿ ಚೀಟಿ ಬರೆಯುವ ನರ್ಸ್ ತಲೆ ಎತ್ತದೆ ಕೇಳುವ ಪ್ರಶ್ನೆ ಅದು. ಕಾಸರಗೋಡಿನಲ್ಲಾದರೆ "ಎತ್ರಾಮತ್ತೆಯಾ?", ಮಂಗಳೂರಿನಲ್ಲಾದರೆ "ಎಷ್ಟನೆಯದು?" ಎರಡನೇ ಸಲ ತಿಂಗಳು ನಿಂತಾಗ ನಾನು "ಮೊದಲನೆಯದು" ಎಂದೆ. ಹಿಂದೆ ಗರ್ಭ ಹೋದದ್ದನ್ನು ಈಗ ಎತ್ತಬೇಡ ಎಂದು ಅತ್ತೆ ಹೇಳಿ ಕಳಿಸಿದ್ದರು. ಅವರಿಗೂ ಹೆದರಿಕೆ, ಪಾಪ. ಆದರೆ ಆ ಒಂದು ಮಾತಿನಿಂದ ನನ್ನದು ಮಾಮೂಲಿ ಚೀಟಿಯಾಯಿತು. ತಿಂಗಳು ಬಿಟ್ಟು ಬನ್ನಿ ಎಂದರು. ತಿಂಗಳು ಬಿಟ್ಟು ಹೋದಾಗ ಹಾರ್ಟ್ ಬೀಟ್ ಇರಲಿಲ್ಲ. ನಿಜ ಹೇಳಿದ್ದರೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ನನ್ನನ್ನು ಬೇಗ ನೋಡುತ್ತಿದ್ದರು, ಕಾರಣ ಹುಡುಕುತ್ತಿದ್ದರು.

2017, 2018, 2019. ಎಂಟು, ಒಂಬತ್ತು, ಹತ್ತು ವಾರ. ಮೂರು ಹೋದವು. ನಾಲ್ಕನೆಯವಳು 2020ರ ಸೆಪ್ಟೆಂಬರಿನಲ್ಲಿ ಹುಟ್ಟಿದಳು. ನಮ್ಮ ಮನೆ ಗಡಿಯ ಕೇರಳದ ಕಡೆ, ಬದಿಯಡ್ಕದ ಹತ್ತಿರ. ಈ ಕಡೆಯಿಂದ ಆಸ್ಪತ್ರೆ ಎಂದರೆ ಅರ್ಧ ಕಾಸರಗೋಡು, ಅರ್ಧ ಮಂಗಳೂರು. ಆ ಓಡಾಟದಲ್ಲಿ ಏನು ಮಾಡಬೇಕು, ಏನು ಕೇಳಬೇಕು ಎಂದು ನನಗೆ ಯಾರೂ ಕೂರಿಸಿ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಲ ಹೋದರೆ ಪರೀಕ್ಷೆ ಮಾಡಿಸಿ ಎಂದು ಬಾಯಿಬಿಟ್ಟು ಕೇಳಿ. "ಮೂರಾಗಲಿ, ನೋಡೋಣ" ಎನ್ನುವವರು ಈಗಲೂ ಇದ್ದಾರೆ. ಯುರೋಪ್ ಮತ್ತು ಅಮೆರಿಕದ ತಜ್ಞರ ಸಂಘಗಳು ಎರಡನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಬ್ರಿಟನ್ನಿನವರ ಲೆಕ್ಕ ಮೂರಾದರೂ, ಅನುಮಾನ ಬಂದರೆ ಎರಡಕ್ಕೇ ನೋಡಬಹುದು ಎಂದು ಅವರೂ ಹೇಳುತ್ತಾರೆ. ಮತ್ತೆ ಗರ್ಭ ನಿಲ್ಲುವ ಮೊದಲೇ ಇದನ್ನು ಮಾಡಿಸಬೇಕು. ಕೆಲವು ಪರೀಕ್ಷೆಗಳಿಗೆ ತಿಂಗಳುಗಟ್ಟಲೆ ಬೇಕು.

ಫೈಲ್ ಮಾಡುವುದು

ಮೊದಲು ಒಂದು ಗಟ್ಟಿ ಫೈಲ್ ತನ್ನಿ. ನನ್ನ ಕಾಗದಗಳು ಮೂರು ಕಡೆ ಚದುರಿದ್ದವು. ಒಂದು ಸ್ಕ್ಯಾನ್ ರಿಪೋರ್ಟ್ ಅಮ್ಮನ ಮನೆಯಲ್ಲಿತ್ತು. ಡಿಸ್ಚಾರ್ಜ್ ಚೀಟಿ ಸೀರೆಯ ಮಡಿಕೆಯೊಳಗಿತ್ತು. ಕಣ್ಣಿಗೆ ಬೀಳದಿರಲಿ ಎಂದು ನಾನೇ ಅಡಗಿಸಿಟ್ಟದ್ದು. ಎಲ್ಲವನ್ನೂ ಹುಡುಕಿ ತಾರೀಕಿನ ಪ್ರಕಾರ ಜೋಡಿಸಿ. ಮೇಲೆ ಒಂದು ಹಾಳೆ ಇಟ್ಟು ಪ್ರತಿ ಸಲದ್ದನ್ನೂ ಬರೆಯಿರಿ. ಕೊನೆಯ ಮುಟ್ಟಿನ ದಿನ ಯಾವುದು, ಎಷ್ಟು ವಾರಕ್ಕೆ ಹೋಯಿತು, ಹಾರ್ಟ್ ಬೀಟ್ ಒಮ್ಮೆಯಾದರೂ ಕಂಡಿತ್ತೇ, ತಾನಾಗಿ ಹೋಯಿತೇ ಅಥವಾ ಗರ್ಭಕೋಶ ಕ್ಲೀನ್ ಮಾಡಿಸಬೇಕಾಯಿತೇ, ಯಾವ ಮಾತ್ರೆ ಕೊಟ್ಟಿದ್ದರು. ಬ್ಲಡ್ ಗ್ರೂಪನ್ನು ದೊಡ್ಡದಾಗಿ ಬರೆಯಿರಿ. ನೆಗೆಟಿವ್ ಗ್ರೂಪಿನವರಾದರೆ ಪ್ರತಿ ಸಲವೂ ಆಂಟಿ ಡಿ ಇಂಜೆಕ್ಷನ್ ಬೇಕೇ ಎಂದು ಕೇಳಿ, ಕೊಟ್ಟಿದ್ದರೆ ತಾರೀಕು ಬರೆದಿಡಿ.

ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದುವುದು ನಿಧಾನ. ಹಾಗಾಗಿ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಸೂಚನೆಗಳನ್ನು ಆಶಾ ಕಾರ್ಯಕರ್ತೆಯಿಂದ ಅಲ್ಲೇ ಓದಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ನಾಚಿಕೆ ಪಡಬೇಡಿ. ಅರ್ಥವಾಗದ ಚೀಟಿ ಹಿಡಿದು ಮನೆಗೆ ಬಂದರೆ ಕಷ್ಟ ನಮಗೇ.

ಮತ್ತೊಂದು ಮಾತು. ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಕ್ಲೀನ್ ಮಾಡಿಸುವ ಪ್ರಸಂಗ ಬಂದರೆ, ಮಾಡುವ ಮೊದಲೇ "ತೆಗೆದದ್ದನ್ನು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಬಹುದೇ?" ಎಂದು ಕೇಳಿ. ಅದನ್ನು ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟರೆ ಈ ಪರೀಕ್ಷೆಗೆ ಬರುವುದಿಲ್ಲ, ಸಲೈನ್‌ನಲ್ಲಿ ಕಳಿಸಬೇಕು. ಆದ್ದರಿಂದ ಆಮೇಲೆ ಕೇಳಿ ಪ್ರಯೋಜನವಿಲ್ಲ. ನನ್ನ ಎರಡನೆಯದರಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಹಾಗೇ ಹೋಯಿತು. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮಿನ ತಪ್ಪೇ ಕಾರಣ. ಅದು ಪಪ್ಪಾಯಿ ತಿಂದದ್ದರಿಂದ ಆಗುವುದಲ್ಲ, ಮೆಟ್ಟಿಲು ಹತ್ತಿದ್ದರಿಂದ ಆಗುವುದಲ್ಲ. ನಾನು ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋದದ್ದರಿಂದಲೇ ಹೋಯಿತು ಎಂದು ಎರಡು ವರ್ಷ ನಂಬಿಕೊಂಡು ಕೊರಗಿದೆ.

ಏನೇನು ಪರೀಕ್ಷೆ

ರಕ್ತದಲ್ಲಿ ಥೈರಾಯ್ಡ್, ಸಕ್ಕರೆ ಮತ್ತು ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿಗಳು. ಗರ್ಭಕೋಶದ ಒಳಗೆ ಅಡ್ಡ ಪರದೆ ಇದೆಯೇ ಎಂದು ನೋಡಲು ಸ್ಕ್ಯಾನ್, ಸಾಧ್ಯವಾದರೆ ತ್ರೀಡಿ. ಕೆಲವರಿಗೆ ಗಂಡ ಹೆಂಡತಿ ಇಬ್ಬರ ಕ್ರೋಮೋಸೋಮ್ ಪರೀಕ್ಷೆ. ಇದಕ್ಕೆ ನಮ್ಮ ಮನೆಯವರು "ನನಗ್ಯಾಕೆ?" ಎಂದರು. ಮಗು ಇಬ್ಬರದ್ದಲ್ವಾ ಎಂದು ಡಾಕ್ಟರು ಕೇಳಿದ ಮೇಲೆ ತೋಳು ಚಾಚಿದರು.

ಆಂಟಿಫಾಸ್ಫೋಲಿಪಿಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನಗೆ ಸಿಕ್ಕಿದ್ದು ಅದೇ. ದೇಹವೇ ತಯಾರಿಸುವ ಈ ಆಂಟಿಬಾಡಿಗಳು ಮಾಸು ಸರಿಯಾಗಿ ಬೇರೂರಲು ಬಿಡುವುದಿಲ್ಲ, ರಕ್ತ ಹೆಪ್ಪುಗಟ್ಟಲೂ ಕಾರಣವಾಗುತ್ತವೆ. ಲೂಪಸ್ ಆಂಟಿಕೊಯಾಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ 2 ಗ್ಲೈಕೋಪ್ರೋಟೀನ್ ಎಂದು ಮೂರು ಪರೀಕ್ಷೆ. ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಜ್ವರ, ಸೋಂಕು ಬಂದಾಗಲೂ ಸುಮ್ನೆ ಪಾಸಿಟಿವ್ ತೋರಿಸಬಹುದು. ನನ್ನದು 2019ರ ಜೂನ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಬಂತು. ನಡುವಿನ ಆ ಮೂರು ತಿಂಗಳು ಕಾಯುವುದು ಬಹಳ ಕಷ್ಟವಾಯಿತು. ಆದರೂ ಕಾಯಿರಿ.

ಕೆಲವು ಸೋಂಕುಗಳನ್ನು ನೋಡುವ ಟಾರ್ಚ್ ಎಂಬ ಪರೀಕ್ಷೆಯನ್ನು ನಮ್ಮಲ್ಲಿ ಎಲ್ಲರಿಗೂ ಬರೆಯುತ್ತಾರೆ. ನಾನೂ ಸಾವಿರಾರು ರೂಪಾಯಿ ಕೊಟ್ಟು ಎರಡು ಸಲ ಮಾಡಿಸಿದೆ. ಪದೇ ಪದೇ ಗರ್ಭ ಹೋಗುವುದಕ್ಕೆ ಕಾರಣ ಹುಡುಕಲು ಅದನ್ನು ಮಾಡಿಸಬೇಕಾಗಿಲ್ಲ ಎಂದು ಆಮೇಲೆ ತಿಳಿಯಿತು. ಯಾವ ಪರೀಕ್ಷೆ ಬರೆದರೂ "ಇದರ ರಿಸಲ್ಟ್ ಬಂದರೆ ಔಷಧ ಬದಲಾಗುತ್ತದೆಯಾ?" ಎಂದು ಮೆತ್ತಗೆ ಕೇಳಿ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲ ಮಾಡಿಸಿದರೂ ಸುಮಾರು ಅರ್ಧದಷ್ಟು ಜನರಿಗೆ ಕಾರಣವೇ ಸಿಗುವುದಿಲ್ಲ. ಹಾಗೆ ಬಂದರೆ ಕುಸಿದು ಕೂರಬೇಡಿ. ಕಾರಣ ಸಿಗದವರಲ್ಲೂ ಹೆಚ್ಚಿನವರಿಗೆ ಮುಂದೆ ಮಗು ಆಗುತ್ತದೆ.

ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿಯನ್ನೂ ಮಾಡಿಸಿದೆವು. ನನಗೆ ಧೈರ್ಯ ಬಂತು, ಅತ್ತೆಗೆ ಸಮಾಧಾನವಾಯಿತು. ಮಾಡಿಸುವವರು ಮಾಡಿಸಿ. ಅದಕ್ಕಾಗಿ ರಕ್ತ ಪರೀಕ್ಷೆಯನ್ನು ಮಾತ್ರ ಮುಂದೆ ಹಾಕಬೇಡಿ.

ಮತ್ತೆ ತಿಂಗಳು ನಿಂತಾಗ

ಪ್ಲಾನ್ ಮೊದಲೇ ಬರೆಸಿಕೊಂಡಿರಬೇಕು. ಫೋಲಿಕ್ ಆಸಿಡ್ ಗರ್ಭ ನಿಲ್ಲುವ ಮೊದಲಿನಿಂದಲೇ. ಟೆಸ್ಟ್ ಪಾಸಿಟಿವ್ ಬಂದ ದಿನ ಯಾರಿಗೆ ಫೋನ್, ಯಾವ ಔಷಧ ಶುರು, ಮೊದಲ ಸ್ಕ್ಯಾನ್ ಯಾವಾಗ, ಇಷ್ಟು ಒಂದು ಹಾಳೆಯಲ್ಲಿರಲಿ. ನನ್ನದರಲ್ಲಿ ಆಸ್ಪಿರಿನ್ 75 ಮಿಲಿಗ್ರಾಂ ಮಾತ್ರೆ ಮತ್ತು ದಿನಕ್ಕೊಂದು ಎನಾಕ್ಸಪರಿನ್ 40 ಮಿಲಿಗ್ರಾಂ ಇಂಜೆಕ್ಷನ್ ಇತ್ತು. ಇದು ನನಗೆ, ನನ್ನ ರಿಪೋರ್ಟಿಗೆ ಕೊಟ್ಟದ್ದು. ಅಕ್ಕನಿಗೆ ಕೊಟ್ಟಿದ್ದರು ಎಂದು ಯಾರೂ ತಾವಾಗಿ ಚುಚ್ಚಿಕೊಳ್ಳಬೇಡಿ, ರಕ್ತ ತೆಳುವಾಗಿಸುವ ಔಷಧ ಅದು. ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ನರ್ಸ್ ಒಂದು ಸಲ ತೋರಿಸಿದರು. ಚರ್ಮ ಮಡಚಿ ಹಿಡಿಯಬೇಕು, ಸೂಜಿ ನೇರ ಹೋಗಬೇಕು, ಆಮೇಲೆ ತಿಕ್ಕಬಾರದು. ಮೊದಲ ವಾರ ಕೈ ನಡುಗಿತು. ಆಮೇಲೆ ರಾತ್ರಿ ಊಟವಾದ ಮೇಲಿನ ಕೆಲಸಗಳಲ್ಲಿ ಅದೂ ಒಂದಾಯಿತು.

ಸ್ಕ್ಯಾನ್‌ಗೆ ಹೋಗುವಾಗ ಡಾಕ್ಟರ ಚೀಟಿ, ಗುರುತಿನ ಚೀಟಿ ಎರಡೂ ಬೇಕು. ತುಂಬಾ ಬೇಗ ಹೋಗಬೇಡಿ. ಆರು ಏಳು ವಾರಕ್ಕೆ ಹಾರ್ಟ್ ಬೀಟ್ ಕಾಣುತ್ತದೆ, ಐದನೇ ವಾರಕ್ಕೆ ಹೋದರೆ ಏನೂ ಕಾಣದೆ ಅಳುತ್ತಾ ಬರಬೇಕಾಗಬಹುದು. ಕಾಣಲಿಲ್ಲ ಎಂದರೆ ಒಂದೇ ಸ್ಕ್ಯಾನ್‌ನಲ್ಲಿ ತೀರ್ಮಾನ ಬೇಡ, ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡಬಹುದೇ ಎಂದು ಕೇಳಿ. 12 ವಾರದವರೆಗೆ ಎರಡು ವಾರಕ್ಕೊಮ್ಮೆ ಬಂದು ಹೋಗಲು ಡಾಕ್ಟರು ನನಗೆ ಬಿಟ್ಟಿದ್ದರು. ಪ್ರತಿ ಸಲ ಸ್ಕ್ಯಾನ್ ಇರಲಿಲ್ಲ. ಆದರೂ ಒಬ್ಬರು ನೋಡುತ್ತಿದ್ದಾರೆ ಎಂಬುದೇ ನನಗೆ ನಿದ್ದೆ ಕೊಟ್ಟಿತು.

ಸ್ಪಾಟಿಂಗ್ ಕಂಡರೆ ಆ ದಿನವೇ ಫೋನ್ ಮಾಡಿ. ಹಿಂದೆ ಗರ್ಭ ಹೋಗಿದ್ದು ಈಗ ರಕ್ತ ಕಂಡವರಿಗೆ ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಸ್ವಲ್ಪ ಉಪಯೋಗವಿದೆ ಎಂದು 2019ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಗಂಟೆಗೊಂದು ಪ್ಯಾಡ್ ಒದ್ದೆಯಾದರೆ, ಒಂದೇ ಪಕ್ಕದಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವುದು, ಜ್ವರ ಇದ್ದರೆ ಫೋನಿಗೂ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ಮೂರು ತಿಂಗಳು ಮಲಗಿಯೇ ಇರು ಎಂದು ಮನೆಯಲ್ಲಿ ಹೇಳುತ್ತಾರೆ. ಡಾಕ್ಟರು ಹೇಳದಿದ್ದರೆ ಬೇಡ. ಮಲಗಿಯೇ ಇದ್ದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ನನ್ನಂಥವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ.

ಗಡಿಯ ಈಚೆ ಒಬ್ಬರು, ಆಚೆ ಒಬ್ಬರು

ನಾನು ತೋರಿಸುತ್ತಿದ್ದದ್ದು ಮಂಗಳೂರಿನಲ್ಲಿ. ಕುಂಬಳೆಗೆ ಹೋಗಿ, ಅಲ್ಲಿಂದ ತಲಪಾಡಿ ಗಡಿ ದಾಟಿ. 2020ರ ಮಾರ್ಚ್ ಕೊನೆಗೆ ನನಗೆ 15 ವಾರ. ಆಗ ಲಾಕ್‌ಡೌನ್ ಬಂತು, ಗಡಿ ಮುಚ್ಚಿತು. ಒಳರಸ್ತೆಗಳಿಗೂ ಮಣ್ಣು ಸುರಿದರು. ಮನೆಯಲ್ಲಿದ್ದ ಇಂಜೆಕ್ಷನ್ ಆರು. ಮಂಗಳೂರಿಗೆ ಹೋಗಲಾಗದೆ ಜೀವ ಕಳೆದುಕೊಂಡವರ ಸುದ್ದಿ ದಿನಾ ಪೇಪರಿನಲ್ಲಿ ಓದುತ್ತಿದ್ದೆವು. ನನ್ನನ್ನು ಉಳಿಸಿದ್ದು ಫೈಲ್. ಅದರ ಫೋಟೋಗಳನ್ನು ನೋಡಿ ಕಾಸರಗೋಡಿನ ಒಬ್ಬ ಡಾಕ್ಟರಮ್ಮ ಫೋನಿನಲ್ಲೇ ಎಲ್ಲ ಕೇಳಿ ಚೀಟಿ ಬರೆದುಕೊಟ್ಟರು. ಪಂಚಾಯತಿನ ಹುಡುಗರು ಇಂಜೆಕ್ಷನ್ ತಂದು ಗೇಟಿನ ಹತ್ತಿರ ಇಟ್ಟು ಹೋದರು.

ಅಂಥ ಕಾಲ ಮತ್ತೆ ಬಾರದಿರಲಿ. ಆದರೂ ನಮ್ಮ ಕಡೆಯವರು ಎರಡೂ ಕಡೆ ಹೆಸರು ಬರೆಸಿಕೊಂಡಿರುವುದು ಒಳ್ಳೆಯದು. ದೊಡ್ಡ ಖರ್ಚು ಆಗದವರಿಗೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಮಂಗಳೂರಿನ ಲೇಡಿಗೋಷನ್ ಇವೆ. ಕೇರಳದಲ್ಲಿ 1056ಕ್ಕೆ ಫೋನ್ ಮಾಡಿದರೆ ದಿಶಾ ಆರೋಗ್ಯ ಸಹಾಯವಾಣಿಯವರು ದಾರಿ ಹೇಳುತ್ತಾರೆ. ರಾತ್ರಿ ಹೆದರಿಕೆಯಾಗಿ ಎದೆ ಒತ್ತಿದಂತಾದರೆ ಮನಸ್ಸಿನ ಕಷ್ಟಕ್ಕೆಂದೇ ಇರುವ ಸಹಾಯವಾಣಿ ಟೆಲಿಮಾನಸ್ 14416. ಕನ್ನಡದಲ್ಲೂ ಮಾತಾಡುತ್ತಾರೆ.

ಹೆರಿಗೆ ನೋವು ಶುರುವಾದರೆ ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂಬುದನ್ನು ಡ್ಯೂಟಿ ಡಾಕ್ಟರಿಗೆ ಮೊದಲು ಹೇಳಿ. ಈ ಪ್ರಮಾಣದ್ದಾದರೆ ಸಾಮಾನ್ಯವಾಗಿ 12 ಗಂಟೆ ಕಳೆಯದೆ ಬೆನ್ನಿಗೆ ಅರಿವಳಿಕೆ ಕೊಡುವುದಿಲ್ಲ. ಹೆರಿಗೆಯಾದ ಮೇಲೂ ಆರು ವಾರ ನನಗೆ ಇಂಜೆಕ್ಷನ್ ಇತ್ತು. ಬಾಣಂತನದ ಗಡಿಬಿಡಿಯಲ್ಲಿ ಅದನ್ನು ನೆನಪಿಸುತ್ತಿದ್ದವರು ಅತ್ತೆ.

ಫೈಲ್ ಈಗಲೂ ಕಪಾಟಿನಲ್ಲಿದೆ. ಬಿಸಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಈ ಆಂಟಿಬಾಡಿ ಇರುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಮುಂದೆ ಯಾವ ಆಪರೇಷನ್ ಆದರೂ ಮೊದಲೇ ತಿಳಿಸಬೇಕು. ಕಳೆದ ತಿಂಗಳು ಹಲ್ಲು ತೆಗೆಸಲು ಹೋದಾಗಲೂ ಅದನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ.